ಗೆದ್ದಲು ಬಿಟ್ಟುಕೊಟ್ಟ ಪುಟಗಳು

ನಮ್ಮ ಮನೆಯ ಇಂಗ್ಲಿಷು ಕೂದಲಿನಿಂದ ಶುರುವಾಗಿ ಕಳೆದುಕೊಳ್ಳುವುದರಲ್ಲಿ ಮುಗಿಯುತ್ತಿತ್ತು. ಅದಕ್ಕೆ ಕಾರಣ ಗೆದ್ದಲು. ಅಮ್ಮನ ತಮ್ಮ ವಾಸು ಮಾವ ಮೆಟ್ರಿಕ್ಯುಲೇಶನ್ನಿನ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ನೋಡಿಯೇ ಬಿಡುತ್ತೇನೆಂದು ನಮ್ಮಲ್ಲಿಗೆ ಬಂದು ತಳವೂರಿದಾಗ ತನ್ನೊಡನೆ ಇಂಗ್ಲಿಷ್ ನುಡಿಗಟ್ಟುಗಳ ಒಂದು ದಪ್ಪ ಪುಸ್ತಕವನ್ನು ತಂದಿದ್ದ. ಅದನ್ನು ಅವನು ಒಂದು ಮಳೆಗಾಲವಿಡೀ ಮುಟ್ಟದೆ ತನ್ನ ಊರಿನ ಮನೆಯ ಗೋಡೆಗೂಡಿನಲ್ಲಿ ಇಟ್ಟಿದ್ದನಂತೆ. ಅವನು ಮುಟ್ಟದ್ದನ್ನು ಗೆದ್ದಲು ಮುಟ್ಟಿತ್ತು. ಮುಂದಿನಿಂದ ಒಂದು ಪಡೆ, ಹಿಂದಿನಿಂದ ಒಂದು ಪಡೆ ತಿಂದುಕೊಂಡು ಬಂದು, ನಡುವೆ ಅದೇಕೋ ಮನಸ್ಸು ಬದಲಿಸಿ, ಎಚ್ ಅಕ್ಷರದ ಆರಂಭದಿಂದ ಎಲ್ ಅಕ್ಷರದ ಕೊನೆಯವರೆಗಿನ ಪುಟಗಳನ್ನು ನಮಗೆ ಬಿಟ್ಟುಕೊಟ್ಟಿದ್ದವು. ಉಳಿದ ಮೊದಲ ಪುಟದಲ್ಲಿ ‘ಹೇರ್’, ಅಂದರೆ ಕೂದಲಿನ ನುಡಿಗಟ್ಟುಗಳು, ಕಡೆಯ ಪುಟದಲ್ಲಿ ‘ಲೂಸ್’, ಅಂದರೆ ಕಳೆದುಕೊಳ್ಳುವ ನುಡಿಗಟ್ಟುಗಳು. ನಡುವೆ ಕೈ, ತಲೆ, ಮೊಣಕಾಲು, ಬೀಗದ ಕೈ ಇತ್ಯಾದಿಗಳೂ ಇದ್ದವು. ಆದರೆ ವಾಸು ಮಾವ ದಿನವೂ ಮೊದಲ ಪುಟದಿಂದ ಹುರುಪಿನಲ್ಲಿ ಹೊರಟು, ಬೇಸರ ಬಂದ ಕೂಡಲೇ ಕಡೆಯ ಪುಟಕ್ಕೆ ಹಾರಿ, ಮುಗಿಯಿತು ಎಂದು ಕಾಫಿ ಕೇಳುತ್ತಿದ್ದ. ಹಾಗಾಗಿ ನಮ್ಮ ಕಿವಿಗೆ ಬಿದ್ದದ್ದು ಆ ಎರಡೇ.

ಮನೆ ಎಂದರೆ ಅರ್ಧ ಮನೆ, ಅರ್ಧ ಅಂಚೆ ಕಚೇರಿ. ಅಪ್ಪ ಪೋಸ್ಟ್ ಮಾಸ್ಟರು. ಕಾಸರಗೋಡಿನಿಂದ ಉತ್ತರಕ್ಕೆ, ಮೊಗ್ರಾಲು ಹೊಳೆ ಸಮುದ್ರಕ್ಕೆ ಸೇರುವುದಕ್ಕೆ ಸ್ವಲ್ಪ ಈಚೆ, ರಸ್ತೆಗೆ ಮುಖ ಮಾಡಿದ ಮುರಕಲ್ಲಿನ ಮನೆ ಅದು. ಮುಂದಿನ ಕೋಣೆಯಲ್ಲಿ ಮೊಹರು ಬೀಳುವ ಸದ್ದು, ಕರಗಿದ ಅರಗಿನ ವಾಸನೆ. ಅದರ ಹಿಂದೆ ನಡುಕೋಣೆ, ಅಡಿಗೆಮನೆ, ಕಟ್ಟಕಡೆಗೆ ಅಜ್ಜಿಯ ಚಿಕ್ಕ ಕೋಣೆ, ಅದಕ್ಕೆ ತಾಗಿ ಬಚ್ಚಲು. ಕೊಲಂಬೊ, ರಂಗೂನು, ಬೊಂಬಾಯಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಕಾಗದ ಬಂದಿದೆಯೇ ಎಂದು ಕೇಳುತ್ತ ಮೀನು ಮಾರುವ ಹೆಂಗಸರೂ ಬ್ಯಾರಿ ತಾಯಂದಿರೂ ಜಗಲಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಒಂದು ಕಾಗದ ಎಲ್ಲಿಯಾದರೂ ಕಳೆದುಹೋದೀತು ಎಂಬುದು ಅಪ್ಪನ ಜೀವಮಾನದ ಹೆದರಿಕೆ. ಊಟಕ್ಕೆ ಕೂತಾಗಲೂ ಎದ್ದು ಹೋಗಿ ಚೀಲದ ಬಾಯಿ ಕಟ್ಟಿದೆಯೇ ಎಂದು ನೋಡಿ ಬರುತ್ತಿದ್ದ. ಮುಂದಿನ ಕೋಣೆಯಲ್ಲಿ ಕಾಗದಕ್ಕೆ ಎಷ್ಟು ಕಟ್ಟುನಿಟ್ಟೋ ಹಿಂದಿನ ಕೋಣೆಗಳಲ್ಲಿ ಕೂದಲಿಗೆ ಅಷ್ಟೇ. ಬಾಚುವಾಗ ಬಂದ ಕೂದಲನ್ನು ಕಂಡಕಂಡಲ್ಲಿ ಎಸೆಯುವಂತಿಲ್ಲ. ಅಡಿಗೆಗೆ ಬಿದ್ದರೆ ಅಡಿಗೆಯೇ ಹೋಯಿತು, ಆಗದವರ ಕೈಗೆ ಸಿಕ್ಕಿದರೆ ಮಾಟ ಮಾಡಿಸುತ್ತಾರೆ. ಗಿಡ್ಡ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಬಚ್ಚಲಿನ ಗೋಡೆಯ ಸಂದಿಗೆ ತುರುಕಬೇಕು. ಉದ್ದದ್ದನ್ನು ಜೋಪಾನವಾಗಿ ಎತ್ತಿಡಬೇಕು. ಸಾಕಷ್ಟು ಸೇರಿದ ಮೇಲೆ ಅಮ್ಮ ಅದನ್ನು ಸೀಗೆಯಲ್ಲಿ ತೊಳೆದು, ಎಳೆ ಬಿಡಿಸಿ, ಬುಡಗಳನ್ನೆಲ್ಲ ಒಂದು ಕಡೆಗೆ ಮಾಡಿ ಕಪ್ಪು ನೂಲಿನಿಂದ ಬಿಗಿದು ಚೌರಿ ಕಟ್ಟುತ್ತಿದ್ದಳು. ಜಡೆ ತೆಳ್ಳಗಿದ್ದವರು ಅದನ್ನು ಸೇರಿಸಿ ಹೆಣೆದುಕೊಂಡರೆ ಯಾವುದು ತಲೆಯದು, ಯಾವುದು ಚೌರಿಯದು ಎಂದು ತಿಳಿಯುತ್ತಿರಲಿಲ್ಲ.

ನನಗಾಗ ಹತ್ತು ವರ್ಷ. ಕಂಡದ್ದಕ್ಕೆ, ಕೇಳಿದ್ದಕ್ಕೆ ಎಲ್ಲದಕ್ಕೂ ‘ಹಾಗೆಂದರೆ ಎಂತ?’ ಎಂದು ಕೇಳುವ ಚಟ. ವಾಸು ಮಾವ ನನಗೆ ಎಂತಮ್ಮ ಎಂದೇ ಹೆಸರಿಟ್ಟಿದ್ದ. ಬೆಳಿಗ್ಗೆ ಅವನು ಜಗಲಿಯ ಕಂಬಕ್ಕೆ ಒರಗಿ ಗಟ್ಟಿಯಾಗಿ ಓದುತ್ತಿದ್ದರೆ ನಾನು ಎದುರಿಗೆ ಕೂತು ಅರ್ಥ ಕೇಳುತ್ತಿದ್ದೆ. ಅವನಿಗೆ ಗೊತ್ತಿದ್ದರೆ ಹೇಳುತ್ತಿದ್ದ, ಇಲ್ಲದಿದ್ದರೆ ಗದರುತ್ತಿದ್ದ. ‘ಕೀಪ್ ಯುವರ್ ಹೇರ್ ಆನ್’ ಎಂದರೆ ನಿನ್ನ ಕೂದಲನ್ನು ತಲೆಯ ಮೇಲೆಯೇ ಇಟ್ಟುಕೋ ಎಂದಲ್ಲವಂತೆ, ಸಿಟ್ಟು ಮಾಡಬೇಡ ಎಂದಂತೆ. ಕೂದಲು ಸೀಳುವುದೆಂದರೆ ಸಣ್ಣ ವಿಷಯಕ್ಕೆ ದೊಡ್ಡ ತರ್ಕ ಮಾಡುವುದು. ಒಂದು ಕೂದಲನ್ನೂ ಹೊರಳಿಸದೆ ಇರುವುದೆಂದರೆ ಏನೇ ಆದರೂ ಅಲ್ಲಾಡದೆ ಇರುವುದು. ಕೂದಲಗಲದಲ್ಲಿ ತಪ್ಪಿಸಿಕೊಳ್ಳುವುದು ನಮ್ಮಲ್ಲೂ ಇತ್ತು. ಕೂದಲೆಳೆಯಲ್ಲಿ ಪಾರಾದೆ ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಸಮುದ್ರದ ಆಚೆಯ ಬಿಳಿಯರಿಗೂ ನಮ್ಮ ಅಮ್ಮನಿಗೂ ಒಂದೇ ಮಾತು ಹೊಳೆದದ್ದು ಹೇಗೆ ಎಂದು ನಾನು ಬಹಳ ದಿನ ತಲೆಕೆಡಿಸಿಕೊಂಡಿದ್ದೆ. ಆದರೆ ಕೂದಲು ನೆಟ್ಟಗೆ ನಿಲ್ಲುವುದು ಅವರಿಗೆ ಭಯದಲ್ಲಿ ಮಾತ್ರ. ನಮಗೆ ಭಜನೆಯಲ್ಲೂ ನಿಲ್ಲುತ್ತದೆ.

ಕಡೆಯ ಪುಟ ಇನ್ನೂ ವಿಚಿತ್ರ. ಇಂಗ್ಲಿಷಿನವರು ಸಿಟ್ಟು ಬಂದರೆ ಮನಸ್ಸಿನ ಹದವನ್ನು ಕಳೆದುಕೊಳ್ಳುತ್ತಾರೆ, ಗಾಬರಿಯಾದರೆ ತಲೆಯನ್ನು, ಧೈರ್ಯ ಕುಗ್ಗಿದರೆ ಹೃದಯವನ್ನು, ಮಾನ ಹೋದರೆ ಮುಖವನ್ನು, ಮಾತು ಹೊರಡದಿದ್ದರೆ ನಾಲಿಗೆಯನ್ನು. ನಮಗೆ ಸಿಟ್ಟು ಬರುತ್ತದೆ. ಅವರಿಗೆ ಅದೇ ಹೊತ್ತಿಗೆ ಏನೋ ಹೋಗುತ್ತದೆ. ಬರುವುದು ಸರಿಯೋ ಹೋಗುವುದು ಸರಿಯೋ ಎಂದು ನಾನು ಕೇಳಿದ್ದಕ್ಕೆ ವಾಸು ಮಾವ ತನಗೆ ಈಗ ಎರಡೂ ಆಗುತ್ತಿದೆ ಎಂದ. ಒಳಗೆ ಬತ್ತಿ ಹೊಸೆಯುತ್ತಿದ್ದ ಅಜ್ಜಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಮ್ಮ ಕಡೆ ವಸ್ತು ಕಾಣೆಯಾದರೆ ಕೊರಗಜ್ಜ ದೈವಕ್ಕೆ ವೀಳ್ಯ, ಚಕ್ಕುಲಿ ಹೇಳಿಕೊಳ್ಳುವುದುಂಟು. ಇಷ್ಟೆಲ್ಲ ಕಳೆದುಕೊಂಡವರು ಕೊರಗಜ್ಜನಿಗೆ ಒಂದು ವೀಳ್ಯ ಹೇಳಿಕೊಂಡಿದ್ದರೆ ಊರು ಬಿಟ್ಟು ಇಲ್ಲಿಯವರೆಗೆ ಹುಡುಕಿಕೊಂಡು ಬರಬೇಕಾಗಿರಲಿಲ್ಲ ಎಂದು ಅವಳ ಅಭಿಪ್ರಾಯ. ಅವರಾಗಲೇ ಹಡಗು ಹತ್ತಿ ಹೋಗಿ ಆಗಿತ್ತು. ಅದು ಅಜ್ಜಿಗೆ ಅಷ್ಟಾಗಿ ಮುಖ್ಯವಾಗಿರಲಿಲ್ಲ.

ಅಜ್ಜಿಯ ತಲೆಯಲ್ಲಿ ಕೂದಲಿರಲಿಲ್ಲ. ಅಪ್ಪನಿಗೆ ಮೂರು ವರ್ಷವಾಗಿದ್ದಾಗ ಅಜ್ಜ ತೀರಿಕೊಂಡರು. ಆ ಕಾಲದ ಪದ್ಧತಿಯಂತೆ ಅಜ್ಜಿಯ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಆಮೇಲೆ ಜೀವನವಿಡೀ ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡೇ ಇದ್ದಳು. ಮನೆಯಲ್ಲಿ ಶುಭಕಾರ್ಯವಿದ್ದ ದಿನ ಯಾರೂ ಹೇಳದೆಯೇ ತನ್ನ ಕೋಣೆ ಸೇರಿ ಬಾಗಿಲು ಓರೆ ಮಾಡಿಕೊಳ್ಳುತ್ತಿದ್ದಳು. ನಾನು ಎಷ್ಟೇ ಪ್ರಶ್ನೆ ಕೇಳುವವಳಾದರೂ ಅವಳ ತಲೆಯ ಬಗ್ಗೆ ಒಂದೂ ಕೇಳಿರಲಿಲ್ಲ. ಅದು ಕೇಳುವ ವಿಷಯ ಅಲ್ಲ ಎಂದು ಹೇಗೋ ತಿಳಿದುಬಿಟ್ಟಿತ್ತು. ಮಕ್ಕಳಿಗೆ ಇಂಥವು ಬೇಗ ತಿಳಿಯುತ್ತವೆ, ಅದೇ ತೊಂದರೆ.

ನನ್ನ ಅಕ್ಕ ಸುಮತಿಗೆ ಹದಿನಾರು. ಎಂಟನೆಯ ತರಗತಿ ಪಾಸಾಗಿ ಮನೆಯಲ್ಲಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ, ಮಂಗಳೂರಿಗೆ ಹೋಗಿ ಟೀಚರ್ ಟ್ರೈನಿಂಗ್ ಮುಗಿಸಿ ಶಾಲೆಯಲ್ಲಿ ಪಾಠ ಮಾಡಬೇಕು. ಅದನ್ನು ಅವಳು ಅಪ್ಪನ ಹತ್ತಿರ ಎರಡು ಸಲ ಹೇಳಿದ್ದಳು. ಮೊದಲು ಮದುವೆಯಾಗಲಿ, ಮತ್ತೆ ಅವರು ಕಳಿಸಿದರೆ ಹೋಗು ಎಂದು ಅಪ್ಪ ಎರಡು ಸಲವೂ ಅದೇ ಉತ್ತರ ಕೊಟ್ಟಿದ್ದ. ಅಪ್ಪ ಕೆಟ್ಟವನಲ್ಲ. ಬಂದ ಕಾಗದವನ್ನು ವಿಳಾಸದಲ್ಲಿ ಬರೆದವರಿಗೆ ತಲುಪಿಸುವುದು ಅವನ ಕೆಲಸ. ಮಗಳ ವಿಷಯದಲ್ಲೂ ಹಾಗೆಯೇ ಯೋಚಿಸುತ್ತಿದ್ದನೋ ಏನೋ. ಅಕ್ಕನ ಜಡೆ ಮಂಡಿಯವರೆಗೆ ಬರುತ್ತಿತ್ತು. ಅವಳ ಕೂದಲನ್ನು ನೋಡಿಯೇ ಮದುವೆ ಆಗಿಹೋಗುತ್ತದೆ ಎಂದು ಬೆಂಚಿನ ಮೇಲಿನ ಹೆಂಗಸರೂ ಹೇಳುತ್ತಿದ್ದರು. ಅಕ್ಕ ಅದನ್ನು ಕೇಳಿ ಖುಷಿಪಟ್ಟದ್ದನ್ನು ನಾನು ನೋಡಲಿಲ್ಲ.

ಆ ವರ್ಷ ಅಕ್ಕನಿಗೆ ವಿಷಮಶೀತ ಜ್ವರ ಬಂತು. ಆಗ ಅದಕ್ಕೆ ಸರಿಯಾದ ಮದ್ದಿರಲಿಲ್ಲ. ಪೇಟೆಯಿಂದ ಬಂದ ಡಾಕ್ಟರು ಗಂಜಿತೆಳಿ ಬಿಟ್ಟು ಬೇರೇನೂ ಕೊಡಬಾರದು, ಮೂರು ವಾರ ಕಳೆಯಬೇಕು ಎಂದಷ್ಟೇ ಹೇಳಿ ಹೋದರು. ಮೂರು ವಾರ ನಾವು ಮನೆಯಲ್ಲಿ ಕಾಲೂರಿ ನಡೆಯಲಿಲ್ಲ. ವಾಸು ಮಾವ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದ. ಅಪ್ಪ ಮೊಹರಿನ ಕೆಳಗೆ ಗೋಣಿ ಹಾಸಿ ಸದ್ದಾಗದಂತೆ ಹೊಡೆದ. ನನಗೆ ಅಕ್ಕ ಸಾಯುತ್ತಾಳೆ ಎಂಬ ಭಯ. ಆ ಭಯವನ್ನು ಯಾರ ಹತ್ತಿರವೂ ಹೇಳಲಾರದೆ ಬಚ್ಚಲಿನಲ್ಲಿ ಕೂತು ಅಳುತ್ತಿದ್ದೆ. ನಾಲ್ಕನೆಯ ವಾರ ಜ್ವರ ಬಿಟ್ಟಿತು. ಅಕ್ಕ ಎದ್ದು ಕೂತು ಉಪ್ಪಿನಕಾಯಿ ಕೇಳಿದಳು. ಅದರ ಮುಂದಿನ ತಿಂಗಳು ಅವಳ ಕೂದಲು ಉದುರಲು ಶುರುವಾಯಿತು. ಬಾಚಣಿಗೆ ಹಾಕಿದರೆ ಬಾಚಣಿಗೆ ತುಂಬ, ದಿಂಬಿನ ಮೇಲೆ, ಚಾಪೆಯ ಮೇಲೆ, ಮಂಡಿಯವರೆಗಿನ ಉದ್ದುದ್ದ ಎಳೆಗಳು ಬುಡಸಮೇತ ಬಂದವು. ಕೊನೆಗೆ ಉಳಿದದ್ದನ್ನು ಡಾಕ್ಟರು ಹೇಳಿದಂತೆ ಕತ್ತರಿಸಿಯೂ ಆಯಿತು. ಅಮ್ಮ ಕಣ್ಣೊರೆಸಿಕೊಂಡಳು. ಅಜ್ಜಿ ಮಾತ್ರ ಚಾಪೆಯ ಮೇಲೆ ಬಗ್ಗಿ ಕೂತು ಒಂದೊಂದೇ ಎಳೆಯನ್ನು ಎತ್ತಿ, ಅಂಗೈಯಲ್ಲಿ ನೀವಿ ಸುರುಳಿ ಸುತ್ತಿ, ಒಂದು ದೊಡ್ಡ ತೆಂಗಿನ ಗೆರಟೆಯಲ್ಲಿ ಇಡುತ್ತಿದ್ದಳು. ತುಂಬಿದ ಮೇಲೆ ಇನ್ನೊಂದು ಗೆರಟೆಯನ್ನು ಬಾಯಿಗೆ ಬಾಯಿ ಸೇರಿಸಿ ಮುಚ್ಚಿ, ಅರಶಿನ ಹಚ್ಚಿದ ನೂಲಿನಿಂದ ಕಟ್ಟಿ, ತನ್ನ ಕೋಣೆಯ ಅಟ್ಟದ ಮೇಲೆ ಇಟ್ಟಳು. ಮೊಮ್ಮಗಳ ಚೌರಿಗೆಂದು ಎತ್ತಿಟ್ಟದ್ದು ಎಂದು ನಾನು ಅಂದುಕೊಂಡೆ. ನೂಲಿಗೆ ಅರಶಿನ ಏಕೆ ಎಂದು ಕೇಳಬೇಕಿತ್ತು.

ಚೇತರಿಸಿಕೊಳ್ಳುವ ಆ ತಿಂಗಳುಗಳಲ್ಲಿ ಅಕ್ಕನಿಗೆ ಮನೆಕೆಲಸವಿರಲಿಲ್ಲ. ಗಂಡು ಕಡೆಯವರ ಕಾಟವೂ ಇರಲಿಲ್ಲ. ತಲೆಗೆ ವಸ್ತ್ರ ಕಟ್ಟಿಕೊಂಡು ಅವಳು ವಾಸು ಮಾವನ ಪುಸ್ತಕ ಹಿಡಿದು ಕೂತಳು. ಎಚ್‌ನಿಂದ ಎಲ್‌ವರೆಗಿನ ಅಷ್ಟೂ ಪುಟಗಳನ್ನು ನಡುವೆ ಹಾರದೆ ಓದಿದವಳು ನಮ್ಮ ಮನೆಯಲ್ಲಿ ಅವಳೊಬ್ಬಳೇ. ಅಪ್ಪನ ಹಳೆಯ ಫಾರಮುಗಳ ಹಿಂಭಾಗದಲ್ಲಿ ಎಡಕ್ಕೆ ಇಂಗ್ಲಿಷು, ಬಲಕ್ಕೆ ನಮ್ಮ ಮನೆಯ ಮಾತು ಎಂದು ಬರೆಯತೊಡಗಿದಳು. ಬಲಗಡೆಗೆ ಬೇಕಾದದ್ದನ್ನು ಮನೆಯವರಿಂದಲೇ ಸಂಪಾದಿಸಬೇಕು. ಆ ಕೆಲಸ ನನ್ನದು. ನಾನು ಅಡಿಗೆಮನೆಗೆ ಹೋಗಿ, ಮಾನ ಹೋದಾಗ ನೀನು ಎಂತ ಹೇಳ್ತಿ ಎಂದು ಅಮ್ಮನನ್ನು ಕೇಳಿ, ತಲೆ ಎತ್ತಿ ನಡೆಯುವ ಹಾಗಿಲ್ಲ ಎಂಬ ಉತ್ತರ ತಂದು ಒಪ್ಪಿಸುತ್ತಿದ್ದೆ. ಅವರಿಗೆ ಮುಖ ಹೋಗುತ್ತದೆ, ನಮಗೆ ತಲೆ ಇದ್ದೂ ಎತ್ತಲಾಗುವುದಿಲ್ಲ. ಅಕ್ಕ ಪೆನ್ಸಿಲ್ ಕಚ್ಚಿಕೊಂಡು ಇಂಥದ್ದನ್ನು ಯೋಚಿಸುವುದನ್ನು ನೋಡುವುದೇ ನನಗೊಂದು ಸುಖ. ಒಂದು ದಿನ ಕೂದಲನ್ನು ಕೆಳಗೆ ಬಿಡುವುದು ಎಂಬಲ್ಲಿ ಅವಳು ತಡೆದು ನಿಂತಳು. ಅಳುಕು, ಬಿಗುವು ಎಲ್ಲ ಬಿಟ್ಟು ಹಾಯಾಗಿರುವುದು ಎಂದು ಅರ್ಥ ಕೊಟ್ಟಿತ್ತು. ನಮ್ಮಲ್ಲಿ ಹೆಂಗಸು ಕೂದಲು ಬಿಟ್ಟುಕೊಳ್ಳುವುದು ಯಾವಾಗ ಎಂದು ನಾನು ಅಮ್ಮನನ್ನು ಕೇಳಿಕೊಂಡು ಬಂದೆ. ತಲೆಗೆ ಮಿಂದಾಗ, ಸಾವಾದಾಗ, ಮೈಮೇಲೆ ಬಂದಾಗ ಎಂದು ಅಮ್ಮ ಲೆಕ್ಕ ಕೊಟ್ಟು, ದೀಪ ಹಚ್ಚುವ ಹೊತ್ತಿಗೆ ಬಿಟ್ಟುಕೊಂಡು ಕೂತರೆ ಮನೆಗೇ ಒಳ್ಳೆಯದಲ್ಲ ಎಂದೂ ಸೇರಿಸಿದ್ದಳು. ಅಕ್ಕ ಅದನ್ನು ಕೇಳಿ ಬಲಗಡೆಯ ಜಾಗವನ್ನು ಖಾಲಿ ಬಿಟ್ಟಳು.

“ಇದಕ್ಕೆ ನಮ್ಮಲ್ಲಿ ಮಾತು ಇಲ್ಲ. ನಾವು ಆ ಕೆಲಸ ಮಾಡುವುದೇ ಇಲ್ಲ ಅಲ್ವಾ?” ಎಂದಳು.

ಕೂದಲು ನಾಲ್ಕು ಬೆರಳಿನಷ್ಟು ಬೆಳೆಯುವ ಹೊತ್ತಿಗೆ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಮಂಗಳೂರಿನಲ್ಲಿ ಕೆಲಸ. ಅವನ ತಾಯಿಯೂ ಅವನೂ ಮುಂದಿನ ಭಾನುವಾರ ನೋಡಲು ಬರುತ್ತಾರೆ ಎಂದು ಅಪ್ಪನಿಗೆ ಕಾರ್ಡು ಬಂತು. ಜ್ವರದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಮೊದಲೇ ಬರೆದು ತಿಳಿಸೋಣ ಎಂದು ಅಪ್ಪ ಒಮ್ಮೆ ಹೇಳಿದ. ಬರೆದರೆ ಅವರು ಬರುವುದೇ ಇಲ್ಲ, ಮದುವೆಯ ಹೊತ್ತಿಗೆ ಕೂದಲು ಬೆಳೆದಿರುತ್ತದೆ ಎಂದು ಅಮ್ಮ ತಡೆದಳು. ಅಪ್ಪ ಬರೆಯಲಿಲ್ಲ. ಅಮ್ಮನ ಹತ್ತಿರ ಚೌರಿಗೆ ಕೂದಲಿತ್ತು, ಆದರೆ ಅದು ಅವಳದೇ, ನಡುನಡುವೆ ನರೆತದ್ದು, ಗಿಡ್ಡದ್ದು. ಹುಡುಗಿಯ ಬಣ್ಣಕ್ಕೆ ಹೊಂದುವುದು ಎಲ್ಲಿ ಸಿಗುತ್ತದೆ ಎಂದು ಅವಳು ಪೇಚಾಡುತ್ತಿದ್ದಾಗ ನನಗೆ ಗೆರಟೆ ನೆನಪಾಯಿತು. ಅಜ್ಜಿ ತೋಟದ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನಾನು ಅಟ್ಟ ಹತ್ತಿ ಗೆರಟೆ ಇಳಿಸಿ, ಹಳದಿ ನೂಲು ಬಿಚ್ಚಿ, ಕೂದಲನ್ನು ಅಮ್ಮನ ಮಡಿಲಿಗೆ ಸುರಿದು, ಗೆರಟೆಯನ್ನು ಮೊದಲಿನಂತೆ ಕಟ್ಟಿ ಇಟ್ಟೆ. ಅಮ್ಮ ನನ್ನನ್ನು ಹತ್ತಿರ ಎಳೆದು ತಲೆ ಸವರಿದಳು. ಇಷ್ಟು ದಿನ ಬರೀ ಕೇಳುತ್ತಿದ್ದವಳು ಈಗ ಒಂದಕ್ಕೆ ಉತ್ತರ ತಂದುಕೊಟ್ಟೆನಲ್ಲ ಎಂದು ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾನುವಾರ ಮಧ್ಯಾಹ್ನ ನಡುಕೋಣೆಯಲ್ಲಿ ಅಕ್ಕನ ಅಲಂಕಾರ. ಅಮ್ಮ ಆ ನಾಲ್ಕು ಬೆರಳಿನ ಕೂದಲನ್ನು ಎಣ್ಣೆ ಹಾಕಿ ಹಿಂದಕ್ಕೆ ಎಳೆದು ಬಿಗಿದು, ಚೌರಿ ಸೇರಿಸಿ ಜಡೆ ಹೆಣೆದು, ಸೇರಿದ ಜಾಗ ಕಾಣದಂತೆ ಮಲ್ಲಿಗೆಯ ದಂಡೆ ಮುಡಿಸಿದಳು. ಕನ್ನಡಿಯಲ್ಲಿ ಜ್ವರಕ್ಕೆ ಮೊದಲಿನ ಅಕ್ಕ ಕೂತಿದ್ದಳು. ಅಮ್ಮ ಸಜ್ಜಿಗೆ ಮಗುಚಲು ಅಡಿಗೆಮನೆಗೆ ಹೋದಾಗ ಅಕ್ಕ ಜಡೆಯನ್ನು ಮುಂದಕ್ಕೆ ಎಳೆದು ಬೆರಳಿನಲ್ಲಿ ಉಜ್ಜಿ ನೋಡಿದಳು.

“ಇದು ನನ್ನದೇ ಕೂದಲು. ಅಮ್ಮನಿಗೆ ಎಲ್ಲಿಂದ ಸಿಕ್ಕಿತು?”

ಅಜ್ಜಿಯ ಗೆರಟೆಯಿಂದ ನಾನೇ ತೆಗೆದು ಕೊಟ್ಟದ್ದೆಂದು ಹೆಮ್ಮೆಯಿಂದ ಹೇಳಿದೆ. ಅಕ್ಕ ಜಡೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಮತ್ತೆ ನೀರು ಕುಡಿದು ಬರುತ್ತೇನೆಂದು ಎದ್ದು ಹಿಂದಿನ ಕಡೆಗೆ ಹೋಗಿ, ಬೇಗನೆ ವಾಪಸು ಬಂದು ಕೂತಳು. ಆ ಹೊತ್ತಿಗೆ ಹೊರಗೆ ಜಟ್ಕಾ ನಿಂತ ಸದ್ದಾಯಿತು. ನಾನು ನೋಡಲು ಓಡಿದೆ.

ಭಾನುವಾರವಾದುದರಿಂದ ಮುಂದಿನ ಕೋಣೆಯಲ್ಲಿ ಅಂಚೆಯ ಸಾಮಾನೆಲ್ಲ ಗೋಡೆಯ ಬದಿಗೆ ಸರಿಸಿ ಚಾಪೆ ಹಾಸಿತ್ತು. ಹುಡುಗ ಕಾಗದ ತೂಗುವ ತಕ್ಕಡಿಯನ್ನೇ ನೋಡುತ್ತ ಕೂತಿದ್ದ. ಅವನ ತಾಯಿ ಅಗಲ ಮುಖದ, ನಿಧಾನ ಮಾತಿನ ಹೆಂಗಸು. ಅಕ್ಕ ಕಾಫಿ ತಂದಿಟ್ಟು ನಮಸ್ಕರಿಸಿ ಕೂತಾಗ ಅವರು ಹತ್ತಿರ ಕರೆದು, ಬೆನ್ನ ಮೇಲೆ ಕೈಯಾಡಿಸಿದಂತೆ ಮಾಡಿ ಜಡೆಯನ್ನು ಒಮ್ಮೆ ಹಿಡಿದು ನೋಡಿದರು. ಹಾಗೆ ನೋಡುವುದು ಆಗಿನ ರೂಢಿ. ಒಳ್ಳೆಯ ಕೂದಲು ಎಂದರು. ಅಮ್ಮ ಬಾಗಿಲ ಮರೆಯಲ್ಲಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಗಲೇ ಒಳಗಿನಿಂದ ಅಜ್ಜಿ ಬಂದಳು. ಶುಭಕಾರ್ಯದ ದಿನ ಅವಳು ತನ್ನ ಕೋಣೆಯ ಹೊಸ್ತಿಲು ದಾಟಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ. ಕೆಂಪು ಸೀರೆಯ ಸೆರಗು ಹಣೆಯವರೆಗೆ ಇತ್ತು. ಎರಡು ಕೈಯಲ್ಲಿ ಎರಡು ಖಾಲಿ ಗೆರಟೆ. ಅಪ್ಪ ಅರ್ಧ ಎದ್ದು ನಿಂತ. ಅಜ್ಜಿ ಅವನ ಕಡೆ ನೋಡದೆ ಹುಡುಗನ ತಾಯಿಯನ್ನೇ ನೋಡಿ ಹೇಳಿದಳು.

“ಇವಳಿಗೆ ಜ್ವರ ಬಂದಾಗ ಬದುಕಿದರೆ ಸಾಕು ಅಂತ ತಿರುಪತಿ ತಿಮ್ಮಪ್ಪನಿಗೆ ಇವಳ ಮುಡಿ ಹೇಳಿಕೊಂಡಿದ್ದೆ. ಅವನು ಕಾಯಲಿಲ್ಲ, ತಾನೇ ಉದುರಿಸಿಕೊಂಡ. ಅದನ್ನು ಅವನಿಗೆ ತಲುಪಿಸುವಾ ಅಂತ ಇದರಲ್ಲಿ ಕಟ್ಟಿಟ್ಟಿದ್ದೆ. ಈಗ ಅದು ಇವಳ ಜಡೆಯಲ್ಲಿ ಉಂಟು. ದೇವರ ಸೊತ್ತು. ನನಗೆ ವಾಪಸು ಬೇಕು.”

ವಾಸು ಮಾವನ ಪುಸ್ತಕದ ಕಡೆಯ ಪುಟದಲ್ಲಿ ಇದ್ದದ್ದೆಲ್ಲ ಆ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದರಂತೆ ಆಗಿಹೋಯಿತು. ಅಮ್ಮನ ಮುಖ ಹೋಯಿತು, ಅಪ್ಪನ ನಾಲಿಗೆ ಹೋಯಿತು, ನನ್ನ ಎದೆ ಹೋಯಿತು. ಏನೂ ಹೋಗದೆ ಉಳಿದದ್ದು ಅಕ್ಕನಿಗೆ ಮಾತ್ರ. ಅವಳು ಕೈ ಹಿಂದಕ್ಕೆ ಒಯ್ದು ಮಲ್ಲಿಗೆ ತೆಗೆದು, ಗಂಟು ಸಡಿಲಿಸಿ, ಚೌರಿಯನ್ನು ಬಿಡಿಸಿ, ಸುರುಳಿ ಸುತ್ತಿ ಅಜ್ಜಿಯ ಗೆರಟೆಯಲ್ಲಿ ಇಟ್ಟಳು. ನಾಲ್ಕು ಬೆರಳಿನ ಕೂದಲು ಕಿವಿಯ ಹಿಂದೆ ಗುಂಗುರಾಗಿ ನಿಂತಿತು. ಹುಡುಗ ಆಗ ತಕ್ಕಡಿಯನ್ನು ಬಿಟ್ಟು ಅವಳನ್ನು ನೋಡಿದ. ಅವನ ತಾಯಿ ಕಾಫಿಯ ಲೋಟವನ್ನು ಕೆಳಗಿಟ್ಟು, ಸಿಟ್ಟಿಲ್ಲದ ದನಿಯಲ್ಲಿ ಅಮ್ಮನಿಗೆ ಹೇಳಿದ ಮಾತು ನನಗೆ ಇವತ್ತಿಗೂ ಹಾಗೆಯೇ ಕೇಳಿಸುತ್ತದೆ.

“ಮೊದಲೇ ಹೇಳಬಹುದಿತ್ತಲ್ಲ. ಕೂದಲು ಎಂತ, ಬೆಳೀತದೆ.”

ಅವರು ಸಜ್ಜಿಗೆ ಪೂರ್ತಿ ತಿಂದು, ಅಕ್ಕನ ತಲೆ ಮುಟ್ಟಿ, ಹೋದರು. ಮತ್ತೆ ಕಾಗದ ಬರಲಿಲ್ಲ. ಅಂಚೆಯ ಚೀಲ ಬಂದಾಗಲೆಲ್ಲ ಅಪ್ಪ ಆ ವಾರವಿಡೀ ಒಂದು ಕಾಗದಕ್ಕಾಗಿ ತಡಕಾಡಿದ್ದನ್ನು ನಾನು ನೋಡಿದ್ದೇನೆ. ಬೆಂಚಿನ ಮೇಲೆ ಆಡಿದ ಮಾತು ಊರಿಗೇ ಹೋಗುತ್ತದೆ. ಆ ವರ್ಷ ಮತ್ತೆ ಯಾವ ಸಂಬಂಧವೂ ನಮ್ಮ ಕಡೆ ತಲೆ ಹಾಕಲಿಲ್ಲ. ಅಮ್ಮ ಅಜ್ಜಿಯೊಡನೆ ಮಾತು ಬಿಟ್ಟಳು. ಬಹಳ ದಿನದ ಮೇಲೆ, ಗಂಡಿನವರು ಹೋಗುವವರೆಗಾದರೂ ಅತ್ತೆ ಕಾಯಬಹುದಿತ್ತು ಎಂದು ಗೋಡೆಗೆ ಹೇಳುವಂತೆ ಹೇಳಿದಳು. ಅಜ್ಜಿ ಬತ್ತಿ ಹೊಸೆಯುತ್ತಲೇ ಕಾಯಬಹುದಿತ್ತು ಎಂದು ಒಪ್ಪಿಕೊಂಡಳು. ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಅಪ್ಪ ಹರಕೆಯ ಕೂದಲನ್ನು ರಿಜಿಸ್ಟರ್ ಪಾರ್ಸೆಲಿನಲ್ಲಿ ಕಳಿಸುವ ಯೋಚನೆ ಮುಂದಿಟ್ಟಾಗ ಅಜ್ಜಿ ಅವನ ಇಲಾಖೆಯ ಮೇಲೆ ತನಗೆ ಅಷ್ಟು ನಂಬಿಕೆ ಇಲ್ಲ ಎಂದಳು. ಕೊನೆಗೆ ತಾನೇ ಮಗನೊಡನೆ ರೈಲು ಹತ್ತಿ, ಗೆರಟೆಯನ್ನು ತಿರುಪತಿಯವರೆಗೆ ಮಡಿಲಿನಿಂದ ಇಳಿಸದೆ ಕೊಂಡೊಯ್ದಳು. ಅವರು ವಾಪಸು ಬಂದ ಮೇಲೆ ಅಕ್ಕ ಮೂರನೆಯ ಸಲ ಟ್ರೈನಿಂಗಿನ ಮಾತೆತ್ತಿದಳು. ಈ ಸಲ ಅಪ್ಪ ಹಳೆಯ ಉತ್ತರ ಕೊಡಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರುವುದಕ್ಕಿಂತ ಹೋಗಲಿ ಎಂದ. ವಾಸು ಮಾವ ಮೂರನೆಯ ಸಲವೂ ಫೇಲಾಗಿ, ಒಂದು ಕೂದಲನ್ನೂ ಹೊರಳಿಸದೆ, ಪುಸ್ತಕವನ್ನು ಅಕ್ಕನಿಗೆ ಕೊಟ್ಟು ಬೊಂಬಾಯಿಗೆ ಹೋಗಿ ಹೋಟೆಲು ಸೇರಿದ.

ಅಕ್ಕ ಟೀಚರಾದಳು. ನಮ್ಮ ತಾಲೂಕು ಕೇರಳಕ್ಕೆ ಸೇರಿದ ಮೇಲೂ ಕನ್ನಡ ಶಾಲೆಗಳಲ್ಲೇ ಪಾಠ ಮಾಡಿ ನಿವೃತ್ತಳಾದಳು. ಮದುವೆ ಮಾಡಿಕೊಳ್ಳಲಿಲ್ಲ. ನನಗೆ ಮದುವೆಯಾಯಿತು, ಮಕ್ಕಳಾದವು. ನನ್ನ ಮನೆಯಲ್ಲಿ ಆದ ಒಂದೊಂದು ಒಳ್ಳೆಯದರ ಹಿಂದೆಯೂ ನನಗೊಂದು ಚುಚ್ಚುಮುಳ್ಳು ಇತ್ತು. ಅಕ್ಕನಿಗೆ ಇದೆಲ್ಲ ಇಲ್ಲದೆ ಹೋದದ್ದು ನನ್ನಿಂದ. ನಾನು ಆ ನೂಲು ಬಿಚ್ಚದಿದ್ದರೆ ಅಜ್ಜಿ ಹೊರಗೆ ಬರುತ್ತಿರಲಿಲ್ಲ. ಅಪ್ಪನ ಮಾತಿನಂತೆ ಮೊದಲೇ ಬರೆದಿದ್ದರೂ ಆ ಅಗಲ ಮುಖದ ತಾಯಿ ಒಪ್ಪುತ್ತಿದ್ದರೋ ಏನೋ. ಎಲ್ಲವನ್ನೂ ಕೇಳುತ್ತಿದ್ದ ನಾನು ಆ ಭಾನುವಾರದ ಬಗ್ಗೆ ಮಾತ್ರ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಅಜ್ಜಿಯ ತಲೆಯ ಹಾಗೆ ಅದೂ ಕೇಳಬಾರದ ವಿಷಯವಾಗಿ ಉಳಿಯಿತು.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅಕ್ಕನನ್ನು ನೋಡಲು ಮಧೂರಿಗೆ ಹೋಗಿದ್ದೆ. ಹೊಳೆಯಿಂದ ಸ್ವಲ್ಪ ಮೇಲೆ ಅವಳದ್ದೊಂದು ಚಿಕ್ಕ ಮನೆ. ದೇವಸ್ಥಾನದಲ್ಲಿ ದೀಪ ಹಚ್ಚುವ ಹೊತ್ತು. ಅವಳು ತಲೆಗೆ ಮಿಂದು ಜಗಲಿಯಲ್ಲಿ ಕೂತಿದ್ದಳು. ಜ್ವರದ ಮೇಲೆ ಗುಂಗುರಾಗಿ ಬೆಳೆದ ಕೂದಲು ಈಗ ಪೂರ್ತಿ ಬೆಳ್ಳಗಾಗಿ ಬೆನ್ನ ತುಂಬ ಹರಡಿಕೊಂಡಿತ್ತು. ನಾನು ಬಂದದ್ದನ್ನು ನೋಡಿಯೂ ಅದನ್ನು ಕಟ್ಟಲಿಲ್ಲ. ಪಕ್ಕದಲ್ಲಿ ಕೂತೆ. ವಯಸ್ಸಾದ ಮೇಲೆ ಬಾಯಿಗೆ ಅಷ್ಟಾಗಿ ಬೀಗ ಇರುವುದಿಲ್ಲ. ಅವತ್ತು ಅಟ್ಟ ಹತ್ತಿ ಗೆರಟೆ ಬಿಚ್ಚಿ ನಿನ್ನ ಬದುಕು ಹಾಳು ಮಾಡಿದವಳು ನಾನು, ಕ್ಷಮಿಸು ಎಂದುಬಿಟ್ಟೆ. ಹೇಳುವಾಗ ಅಳು ಬಂತು. ಆ ಮುಹೂರ್ತಕ್ಕೇ ಅಜ್ಜಿಯ ಕಣ್ಣಿಗೆ ಖಾಲಿ ಗೆರಟೆ ಯಾಕಾದರೂ ಬಿತ್ತೋ ಎಂದೆ.

“ಅಜ್ಜಿ ನೋಡಿದ್ದಲ್ಲ ಮಾರಾಯ್ತಿ,” ಎಂದಳು ಅಕ್ಕ. “ಹರಕೆ ಉಂಟು ಅಂತ ಗೊತ್ತಿದ್ದದ್ದು ಅಜ್ಜಿಗೆ ಮತ್ತೆ ನನಗೆ ಮಾತ್ರ. ನೀನು ಗೆರಟೆ ಸಂಗತಿ ಹೇಳಿದೆಯಲ್ಲ, ಆಗ ನೀರು ಕುಡೀಲಿಕ್ಕೆ ಅಂತ ಎದ್ದು ಹೋಗಿ ಅಜ್ಜಿಗೆ ಹೇಳಿದ್ದು ನಾನು.”

ನಾನು ಅವಳ ಮುಖ ನೋಡಿದೆ. ಅವಳು ಹೊಳೆಯ ಕಡೆ ನೋಡುತ್ತಿದ್ದಳು.

“ಅಜ್ಜಿ ಗೆರಟೆ ನೋಡ್ಲಿಕ್ಕೆ ಏಳಲೇ ಇಲ್ಲ. ನನ್ನನ್ನೇ ನೋಡಿ, ನಿನಗೆ ಎಂತ ಬೇಕು ಮಗಾ ಅಂತ ಕೇಳಿದಳು. ನನ್ನನ್ನು ಹಾಗೆ ಅದರವರೆಗೆ ಯಾರೂ ಕೇಳಿರಲಿಲ್ಲ. ಟ್ರೈನಿಂಗಿಗೆ ಹೋಗ್ಬೇಕು ಅಂದೆ. ಹಾಗಾದ್ರೆ ಹೋಗಿ ಕೂತ್ಕೋ, ನಾನು ಬರ್ತೇನೆ ಅಂದಳು.”

ಅಜ್ಜಿ ಕಾಯಬಹುದಿತ್ತು ಎಂದು ಒಪ್ಪಿಕೊಂಡದ್ದು ನೆನಪಾಯಿತು. ಇಪ್ಪತ್ತರ ಹರೆಯದಲ್ಲಿ ತನ್ನನ್ನು ಯಾರೂ ಏನೂ ಕೇಳದೆ ತಲೆ ಬೋಳಿಸಿದ್ದನ್ನು ಅವಳು ಮರೆತಿರಲಿಲ್ಲ. ಅಪಶಕುನವೆಂದು ಎಲ್ಲರೂ ಒಳಗೆ ಕೂರಿಸಿದವಳು ಆ ಅಪಶಕುನವನ್ನೇ ಹೊತ್ತುಕೊಂಡು, ಬೇಕೆಂದೇ, ಮೊಮ್ಮಗಳಿಗಾಗಿ ಹೊಸ್ತಿಲು ದಾಟಿದ್ದಳು. ನಾನು ಇಷ್ಟು ವರ್ಷ ಇಲ್ಲದ ತಪ್ಪನ್ನು ಸುಮ್ಮನೆ ಹೊತ್ತು ತಿರುಗಿದ್ದೆ. ನನಗೆ ಹಗುರಾಗಬೇಕಿತ್ತು, ಆದರೆ ಬಂದದ್ದು ಸಿಟ್ಟು.

“ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?”

“ನೀನು ಎಲ್ಲದಕ್ಕೂ ಎಂತ ಎಂತ ಅಂತ ಕೇಳುವವಳು. ಕೇಳಿದರೆ ಹೇಳುವಾ ಅಂತ ಇದ್ದೆ,” ಎಂದಳು ಅಕ್ಕ. “ನೀನು ಇದೊಂದನ್ನು ಕೇಳಲೇ ಇಲ್ಲ.”

ಹೌದು, ಕೇಳಿರಲಿಲ್ಲ. ಅವಳ ಮೊದಲ ಶಾಲೆ ಹೇಗಿತ್ತು, ಟ್ರೈನಿಂಗಿನಲ್ಲಿ ಜೊತೆಗೆ ಯಾರಿದ್ದರು, ಒಬ್ಬಳೇ ಇರುವುದು ಬೇಸರವೋ ಸುಖವೋ, ಯಾವುದನ್ನೂ ಕೇಳಿರಲಿಲ್ಲ. ಪಾಪ ಮಾಡಿದವಳು ಹೇಗೆ ಕೇಳುವುದು ಎಂದು ಸುಮ್ಮನಿದ್ದೆ. ಕಣ್ಣೊರೆಸಿಕೊಂಡು ಅವಳ ಹತ್ತಿರಕ್ಕೆ ಸರಿದು ಕೂತು, ಮೊದಲ ದಿನ ಕ್ಲಾಸಿಗೆ ಹೋದಾಗ ನಿನಗೆ ಎಂತ ಅನಿಸಿತು ಎಂದು ಶುರುಮಾಡಿದೆ. ಕೆಳಗೆ ರಸ್ತೆಯಲ್ಲಿ ನನ್ನ ಬಸ್ಸು ಹೋಯಿತು, ಸ್ವಲ್ಪ ಹೊತ್ತಿನ ಮೇಲೆ ಅದರ ಮುಂದಿನದೂ ಹೋಯಿತು.